ಮೂರನೆಯ ಸಾಲು

ಜೂನ್ ೯

ಅಮ್ಮಾ,

ಕೋಣೆ ಸಿಕ್ಕಿತು. ಒಂದು ಕಿಟಕಿ, ಅದರಾಚೆ ಇನ್ನೊಬ್ಬರ ಕಿಟಕಿ, ನಡುವೆ ಕೈಚಾಚಿದರೆ ಮುಗಿದುಹೋಗುವಷ್ಟು ಗಾಳಿ. ಎದುರುಮನೆಯವರು ಹಲ್ಲುಜ್ಜುವ ಸದ್ದಿಗೆ ಎಚ್ಚರವಾಗುತ್ತದೆ. ಅಲಾರಂ ಬೇಕಿಲ್ಲ.

ಕನ್ನಡಕದ ಅಂಗಡಿಯ ಹಿಂಭಾಗದಲ್ಲಿ ನನ್ನ ಮೇಜು. ಗಾಜಿನ ಅಂಚನ್ನು ಚೌಕಟ್ಟಿನ ಅಳತೆಗೆ ಉಜ್ಜಿ ಕೂರಿಸುವುದು ಕೆಲಸ. ಮೊದಲ ದಿನ ಸಾಹುಕಾರರು ನನ್ನ ತೋರುಬೆರಳಿನ ತುದಿ ನೋಡಿ, “ಹೊಲಿಗೆಯವರ ಮನೆಯವಳಾ?” ಎಂದರು. ಚಿಕ್ಕಂದಿನ ಸೂಜಿಚುಕ್ಕೆಗಳಿಂದ ಗೊತ್ತಾಯಿತಂತೆ. ಹೌದು ಎಂದೆ. ತುಸು ಜೋರಾಗಿಯೇ ಎಂದಿರಬೇಕು, ಮುಂದಿದ್ದ ಗಿರಾಕಿ ತಿರುಗಿ ನೋಡಿದರು.

ಬರೆಯಬೇಕೆಂದು ಕೂತದ್ದು ಇದಕ್ಕಲ್ಲ. ಇಲ್ಲೂ ಒಂದು ಕೂಟವಿದೆ. ಮುರಿದ ಕುರ್ಚಿ, ಕಾಲಿಲ್ಲದ ಮೇಜು ರಿಪೇರಿ ಮಾಡುವ ಬಡಗಿಯೊಬ್ಬರ ಶೆಡ್ಡಿನಲ್ಲಿ ಭಾನುವಾರ ಮಧ್ಯಾಹ್ನ ಜನ ಸೇರಿ ಹಳೆಯ ಹಾಡು ಹಾಡುತ್ತಾರೆಂದು ಕನ್ನಡಕ ಮಾಡಿಸಲು ಬಂದ ಬಸ್ ಡ್ರೈವರೊಬ್ಬರು ಹೇಳಿದರು. ಅವರು ಡೋಲು ಬಾರಿಸುತ್ತಾರೆ. ಎಲ್ಲರೂ ಅವರನ್ನು ದಡಬಡ ಎಂದೇ ಕರೆಯುವುದು, ಕಾರಣ ಡೋಲೋ ಬಸ್ಸೋ ತಿಳಿಯಲಿಲ್ಲ.

ಹೋದೆ. ಒಳಗೆ ಕಾಲಿಟ್ಟು ಯಾರು ಹಾಡುತ್ತಿದ್ದಾರೆಂದು ಹುಡುಕಿದೆ. ಎಲ್ಲರೂ ಹಾಡುತ್ತಿದ್ದರು! ಒಬ್ಬಾಕೆ ಹೊಳಪು ಕಾಣದ ಹಲಗೆಯ ಮೇಲೆ ಉಗುರಿನಿಂದ ತಾಳ ಹಾಕುತ್ತಿದ್ದರು, ಇನ್ನೊಬ್ಬ ಬಾಯಲ್ಲಿ ಮೌತ್ ಆರ್ಗನ್ ಇಟ್ಟುಕೊಂಡೇ ಮರದ ಹೊಟ್ಟು ಗುಡಿಸುತ್ತಿದ್ದ. ಒಂದು ಹಾಡು ಮುಗಿಯಿತೋ ಇಲ್ಲವೋ ತಿಳಿಯುವ ಮೊದಲೇ ಮತ್ತೊಂದು ಶುರು. ನಡುವೆ ಮೌನವೇ ಇಲ್ಲ. ಕೊನೆಗೆ ಚಪ್ಪಾಳೆ, ಸಿಳ್ಳೆ, ಒಬ್ಬರ ಬೆನ್ನನ್ನು ಒಬ್ಬರು ತಟ್ಟುವುದು.

ನಾನು ನಮ್ಮಲ್ಲಿ ಕೂರುವ ಹಾಗೆ ಕೂತೆ. ಕೈ ಮಡಿಲಲ್ಲಿ, ಕಣ್ಣು ನೆಲದಲ್ಲಿ. ನನ್ನ ಸರದಿಗೆ ಕಾದೆ. ಬರಲಿಲ್ಲ. ಮುಂದಿನ ವಾರವೂ ಕಾದೆ. ಬಂದಿದ್ದರೂ ‘ದಾಟಲಿ’ ಎಂದು ಪಕ್ಕದವರಿಗೆ ಬಿಡುತ್ತಿದ್ದೆ, ನನಗಿನ್ನೂ ಸ್ವಂತ ಹಾಡಿಲ್ಲವಲ್ಲ. ಆದರೆ ‘ದಾಟಲಿ’ ಎನ್ನುವುದಕ್ಕೂ ಯಾರಾದರೂ ಕೇಳಬೇಕಲ್ಲಮ್ಮಾ. ಮೂರನೆಯ ಸಲ ಹೋದಾಗ ಬಡಗಿಯಣ್ಣ ಟೀ ಕೊಡುತ್ತಾ, “ನೀವು ಕೇಳೋಕೆ ಬರ್ತೀರಲ್ಲ, ಸಂತೋಷ. ಕೇಳೋರೂ ಬೇಕು ನಮಗೆ” ಎಂದರು.

ಟೀ ಚೆನ್ನಾಗಿತ್ತು. ಏನು ಮಾಡಲಿ?

ಕೈ ಮಡಿಲಲ್ಲಿಟ್ಟುಕೊಂಡಿರುವ
ನಿನ್ನ ಮಗಳು

•

ಜೂನ್ ೨೧

ಮಗಳೇ,

ನಾನು ಕ್ಷೇಮ. ನೀನೂ ಹಾಗಿರುವುದು ನಿನ್ನ ಜವಾಬ್ದಾರಿ.

ಶಾಲೆ ತೆರೆಯುವ ಕಾಲ. ಮೇಜಿನ ಮೇಲೆ ಒಂದೇ ಬಣ್ಣದ ಬೆಟ್ಟ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬರೆಯುತ್ತಿದ್ದೇನೆ, ಆದ್ದರಿಂದ ಇದನ್ನು ಗುನುಗು ಎಂದು ಓದಿಕೋ. ನಿನಗೇನೂ ಹೊಸದಲ್ಲ. ಮಗುವಾಗಿದ್ದಾಗ ಹೊಲಿಗೆಯಂತ್ರದ ಕೆಳಗೆ ಕೂತು ನನ್ನ ಹಾಡನ್ನು ಕೇಳಿದ್ದೇ ಹಾಗೆ. ಸೂಜಿ ಬಾಯಿಗೆ ಬಂದೊಡನೆ ಹಾಡಿನ ಮಾತು ಹೋಗಿ ಬರೀ ಹ್ಮ್ ಹ್ಮ್ ಉಳಿಯುತ್ತಿತ್ತು. ಒಂದೊಂದು ಸೂಜಿ ತೆಗೆಯುವಾಗ ಅದೂ ತುಂಡು. “ಅಮ್ಮಾ, ಮಾತು ಎಲ್ಲಿ ಹೋಯ್ತು?” ಎಂದು ನೀನು ಕೇಳುವುದು, “ಬಟ್ಟೆಗೆ ಚುಚ್ಚಿಬಿಟ್ಟೆ” ಎಂದು ನಾನು ಹೇಳುವುದು. ನೀನು ಆ ಬಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ.

ಆ ಶೆಡ್ಡಿನವರ ವಿಷಯ. ಒಂದು ಹಾಡಿಗೆ ಇಪ್ಪತ್ತು ಬಾಯಿ ಎಂದರೆ ಒಂದು ಅಂಗಿಗೆ ಇಪ್ಪತ್ತು ತೋಳು. ಹೊಲಿಯಬಹುದು. ತೊಡುವವರು ಯಾರು?

ಅವರನ್ನು ಬೈಯುತ್ತಿಲ್ಲ. ಅವರವರ ಮನೆಯ ದೀಪ ಅವರವರ ಗೋಡೆಗೆ. ನಮ್ಮದು ನಿನಗೆ ಗೊತ್ತು, ಆದರೂ ದೂರ ಹೋದವರಿಗೆ ಇನ್ನೊಮ್ಮೆ ಹೇಳುವುದು ಒಳ್ಳೆಯದು. ಬುಧವಾರ ಸಂಜೆ ಅಂಗಡಿಯ ಷಟರ್ ಅರ್ಧ ಇಳಿಸಿದ ಮೇಲೆ ಕೂರುತ್ತೇವೆ. ಸರದಿ ಬಾಗಿಲಿನಿಂದ ಬಲಕ್ಕೆ. ಒಬ್ಬರು ಹಾಡುವಾಗ ಉಳಿದವರ ತುಟಿ ಅಲುಗುವುದಿಲ್ಲ. ಚಪ್ಪಾಳೆಯಿಲ್ಲ. ಗಡಿಯಾರದಜ್ಜ ಕೆಮ್ಮಿದರೆ ಚೆನ್ನಾಗಿತ್ತೆಂದು ಅರ್ಥ. ಕೆಮ್ಮದಿದ್ದರೂ ಚೆನ್ನಾಗಿತ್ತೆಂದೇ ಇಟ್ಟುಕೊಳ್ಳಬೇಕು. ಒಬ್ಬರ ಹಾಡನ್ನು ಇನ್ನೊಬ್ಬರು ಹಾಡುವುದಿಲ್ಲ. ಬೇಕಾದರೆ ಅದರ ಒಡೆಯರು ಕೊಡಬೇಕು, ಮತ್ತು ಕೊಟ್ಟವರು ಆಮೇಲೆ ಹಾಡುವುದಿಲ್ಲ. ನನ್ನ ಹಾಡನ್ನು ನಿನ್ನಜ್ಜಿ ನನಗೆ ಕೊಟ್ಟ ಮೇಲೆ ಕಣ್ಣುಮುಚ್ಚುವವರೆಗೆ ಬಾಯಿ ತೆರೆಯದೆ ಕೇಳಿದರು. ಕೊನೆಕೊನೆಗೆ ಕಾಲಿನ ಹೆಬ್ಬೆರಳು ಮಾತ್ರ ಹೊದಿಕೆಯೊಳಗೆ ಅಲುಗುತ್ತಿತ್ತು. ನಾನು ನೋಡಿಯೂ ನೋಡದವಳಂತೆ ಇದ್ದೆ.

ನಿನ್ನ ಸೋದರಮಾವ ಇನ್ನೂ ಹಿಂಬಾಗಿಲಾಚೆಯ ಮೆಟ್ಟಿಲ ಮೇಲೇ ಇದ್ದಾನೆ. ಅದ್ಯಾವುದೋ ಮದುವೆಯಲ್ಲಿ ಗಡಿಯಾರದಜ್ಜನನ್ನು ಕೇಳದೆ ಅವರ ಹಾಡನ್ನು ಮೈಕಿನಲ್ಲಿ ಹಾಡಿದವನು. ಒಡೆಯರೇ ಒಳಗೆ ಬಾ ಎನ್ನುವವರೆಗೆ ಹೊಸಿಲಾಚೆ. ಅಜ್ಜ ಅನ್ನುವುದಿಲ್ಲ, ಇವನು ಬೇಡುವುದಿಲ್ಲ, ಇಬ್ಬರೂ ಬುಧವಾರ ತಪ್ಪಿಸುವುದಿಲ್ಲ. ತಮ್ಮನೆಂದು ನಾನೂ ನಡುವೆ ಬಾಯಿ ಹಾಕಿಲ್ಲ.

ಕಾಯಿ. ಕಾಯುವುದನ್ನು ಕಲಿತ ಮನೆಯವಳು ನೀನು. ಕರೆಯದಿದ್ದರೆ ನಷ್ಟ ಅವರದು.

ಅಮ್ಮ

•

ಆಗಸ್ಟ್ ೪

ಅಮ್ಮಾ,

ಇದನ್ನು ಕೂತು ಓದು. ಬಾಯಲ್ಲಿ ಸೂಜಿ ಇದ್ದರೆ ತೆಗೆದಿಡು.

ನೀನು ಹೇಳಿದ ಹಾಗೆ ಕಾದೆ. ಜುಲೈ ಪೂರ್ತಿ ಕಾದೆ. ಹೋದ ಭಾನುವಾರ ಬಡಗಿಯಣ್ಣ ಎದುರಿಗೆ ಸ್ಟೂಲು ಎಳೆದುಕೊಂಡು ಕೂತರು. “ತಪ್ಪು ತಿಳೀಬೇಡಿ,” ಎಂದರು, “ನಿಮಗೆ ನಮ್ಮ ಹಾಡು ಹಿಡಿಸಲ್ವಾ?”

“ಹಿಡಿಸುತ್ತೆ.”

“ಮತ್ತೆ ತುಟಿ ಎರಡು ಹೊಲಿದುಕೊಂಡವರ ಥರ ಕೂರ್ತೀರಲ್ಲ. ದಡಬಡ ಹೇಳ್ತಾನೆ, ಈ ಹೆಣ್ಣುಮಗಳಿಗೆ ನಮ್ಮನ್ನ ಕಂಡರೆ ತಾತ್ಸಾರ ಅಂತ.”

“ನಾನು ಕಾಯ್ತಿದ್ದೀನಿ.”

“ಯಾತಕ್ಕೆ?”

“ಕರೆಯೋದಕ್ಕೆ.”

“ಯಾರು ಕರೀಬೇಕು?”

ನಾನು ಸುತ್ತಲೂ ನೋಡಿದೆ. ಅವರೂ ನೋಡಿದರು. ಆಮೇಲೆ ಇಡೀ ಶೆಡ್ಡು ನಕ್ಕಿತು, ಆದರೆ ಕೆಟ್ಟದಾಗಿ ಅಲ್ಲ. ದಡಬಡ ಡೋಲು ಬದಿಗಿಟ್ಟು ಬಂದು ಕೈಮುಗಿದರು. “ಅಮ್ಮಾ ತಾಯಿ, ನಮ್ಮಲ್ಲಿ ಕರೆಯೋದು ಅಂದ್ರೆ ಅವಮಾನ. ಹಾಡೋಕೆ ಬರದವರನ್ನ ಕರೀತೀವಿ, ಚಪ್ಪಾಳೆ ತಟ್ಟಿ ಪಾಪ ಅಂತ. ಬರೋರು ತಾವೇ ನುಗ್ತಾರೆ. ನೀವು ನುಗ್ಗೋದನ್ನ ನಾವು ಕಾಯ್ತಿದ್ವಿ!”

ಅಮ್ಮಾ, ಎರಡು ತಿಂಗಳು ಅವರು ನನಗಾಗಿ, ನಾನು ಅವರಿಗಾಗಿ. ಇಬ್ಬರೂ ಮರ್ಯಾದೆಯಿಂದ.

ಆಗ ನುಗ್ಗಬೇಕಾಯಿತು. ನುಗ್ಗಲು ನನ್ನ ಬಳಿ ಏನಿತ್ತು? ಬಾಯಿ ತೆರೆದೆ. ಬಂದದ್ದು,

ಆಚೆ ದಡದ ಹಕ್ಕಿ ಈಚೆ ದಡಕೆ ಬಂದು
ನೀರಿನ ಹೆಸರ ಕೇಳ್ಯಾವೆ

ನಿನ್ನದು. ನಿನ್ನನ್ನು ಕೇಳದೆ. ಎರಡನೆಯ ಸಾಲಿಗೆ ಡೋಲು ಸೇರಿತು, ಮೌತ್ ಆರ್ಗನ್ನಿನವನು ಸೇರಿದ, ಯಾರೋ ಕೆಳಗಿನಿಂದ ಇನ್ನೊಂದು ದನಿ ಎತ್ತಿಕೊಟ್ಟರು. ನಾನು ಬಿದ್ದೇನೆಂದು ಎಲ್ಲರೂ ಕೈಹಿಡಿದ ಹಾಗಿತ್ತು. ಮೂರನೆಯ ಸಾಲಿನ ವಿಷಯ ಬರೆಯುವುದಿಲ್ಲ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಹಾಡು ನನ್ನ ಕೈಯಲ್ಲಿರಲಿಲ್ಲ.

ಸುಳ್ಳು ಬರೆಯಲಾರೆ, ಚೆನ್ನಾಗಿತ್ತು. ಅದಕ್ಕೇ ಈ ಕಾಗದ.

ನಿನ್ನ ಮಗಳು

•

ಸೆಪ್ಟೆಂಬರ್ ೧೫

ಅಮ್ಮಾ,

ಪಾರ್ಸೆಲ್ ಬಂತು, ಕಾಗದ ಬರಲಿಲ್ಲ. ಪೊಟ್ಟಣದ ಕಾಗದವನ್ನೂ ಬಿಡಿಸಿ, ಬೆಳಕಿಗೆ ಹಿಡಿದು ನೋಡಿದೆ.

ಕೋಟು ಹೇಳಿ ಮಾಡಿಸಿದ ಹಾಗಿದೆ. ನಾನು ಸ್ವಲ್ಪ ತೆಳ್ಳಗಾದದ್ದು ನಿನಗೆ ಹೇಗೆ ಗೊತ್ತಾಯಿತೋ, ನಾನಂತೂ ಬರೆದಿರಲಿಲ್ಲ. ಸಾಹುಕಾರರು ಭುಜದ ಹೊಲಿಗೆಯನ್ನು ಭೂತಗನ್ನಡಿ ಹಿಡಿದು ನೋಡಿದರು. ನೋಡಲಿ ಎಂದು ನಿಂತೆ.

ಜೇಬುಗಳ ಬಾಯಿ ಹೊಲಿದೇ ಇವೆ. ಹೊಸ ಕೋಟಿನ ಜೇಬು ಜೋತುಬೀಳದಿರಲಿ ಎಂದು ಕಚ್ಚಾ ನೂಲು ಹಾಕಿರುತ್ತಾರೆ, ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬಿಚ್ಚಿಲ್ಲ. ಮುಷ್ಟಿ ಕಟ್ಟಿಕೊಂಡೇ ಬೀದಿಯಲ್ಲಿ ಓಡಾಡುತ್ತೇನೆ.

ಆ ಹಾಡನ್ನು ಇಲ್ಲಿ ‘ಕನ್ನಡಕದವರ ಹಾಡು’ ಎನ್ನುತ್ತಾರೆ. ನನ್ನದಲ್ಲ ಎಂದೆ. “ಹಾಡಿಗೆ ಯಜಮಾನರು ಇರ್ತಾರಾ? ನೆಗಡಿಗೆ ಇರ್ತಾರಾ?” ಎಂದರು ದಡಬಡ. ಇದ್ದಾರೆ ಎಂದೆ. ಯಾರು ಎಂದು ಅವರು ಕೇಳಲಿಲ್ಲ, ಅಷ್ಟರಲ್ಲಿ ಇನ್ಯಾರೋ ಇನ್ನೊಂದನ್ನು ಶುರುಮಾಡಿದ್ದರು.

ಒಂದು ಸಾಲು ಬರೆ. ಬೈಗುಳವಾದರೂ ಸರಿ.

ನಿನ್ನ ಮಗಳು

•

ಸೆಪ್ಟೆಂಬರ್ ೨೮

ಕೋಟು ಸರಿಯಾಗಿದೆಯೆಂದು ತಿಳಿಯಿತು.

ಜೇಬಿನ ನೂಲು ಕತ್ತರಿಯಿಂದ ಬಿಚ್ಚು, ಹಲ್ಲಿನಿಂದ ಬೇಡ. ಬಟ್ಟೆಗೆ ಒಳ್ಳೆಯದಲ್ಲ, ಹಲ್ಲಿಗೂ.

ಉಳಿದದ್ದಕ್ಕೆ ಸದ್ಯ ನನ್ನ ಬಳಿ ಮಾತಿಲ್ಲ.

ಟೈಲರ್

•

ಅಕ್ಟೋಬರ್ ೩೦

ಅಮ್ಮಾ,

‘ಟೈಲರ್’ ಎಂದು ಸಹಿ ಮಾಡಿದ್ದನ್ನು ನೋಡಿದೆ. ಬಿಲ್ಲಿಗೆ ಹಾಕುವ ಸಹಿ ಅದು.

ಡಿಸೆಂಬರಿನಲ್ಲಿ ಒಂದು ವಾರ ರಜೆ ಕೊಟ್ಟಿದ್ದಾರೆ. ಬುಧವಾರವೂ ಅದರೊಳಗೆ ಬರುತ್ತದೆ. ನಿನ್ನನ್ನು ಒಂದೇ ಒಂದು ವಿಷಯ ಕೇಳುತ್ತೇನೆ, ಉಳಿದದ್ದು ಬೇಡ. ಮೆಟ್ಟಿಲ ಮೇಲೆ ಮಾವನ ಪಕ್ಕದಲ್ಲಿ ಜಾಗವಿದೆಯೇ, ಅಥವಾ ನಾನು ಒಂದು ಮೆಟ್ಟಿಲು ಮೇಲೆ ಕೂರಬೇಕೇ? ಅವನು ಹಳಬ. ನನ್ನಿಂದ ಅವನಿಗೆ ಇಕ್ಕಟ್ಟಾಗುವುದು ಬೇಡ.

ಶೆಡ್ಡಿಗೆ ಹೋಗುವುದನ್ನು ಬಿಟ್ಟಿಲ್ಲ. ಬಿಟ್ಟೆನೆಂದು ಬರೆದರೆ ನಿನಗೆ ಸಮಾಧಾನವಾಗುತ್ತದೇನೋ, ಆದರೆ ಬಿಟ್ಟಿಲ್ಲ.

ನಿನ್ನ ಮಗಳು

•

ನವೆಂಬರ್ ೨೭

ಮಗಳೇ,

ಇದು ಉದ್ದದ ಕಾಗದ. ಗಿರಾಕಿಗಳನ್ನು ನಾಳೆ ಬನ್ನಿ ಎಂದು ಕಳಿಸಿ, ಷಟರ್ ಪೂರ್ತಿ ಇಳಿಸಿ ಕೂತಿದ್ದೇನೆ. ನಡುಹಗಲು. ಹೊರಗೆ ಯಾರೋ “ಟೈಲರಮ್ಮ ಹೋಗ್ಬಿಟ್ರಾ?” ಎನ್ನುತ್ತಿದ್ದಾರೆ. ಎಲ್ಲಿಗೆ ಎಂಬರ್ಥದಲ್ಲಿ ಕೇಳಿದರೋ ಗೊತ್ತಿಲ್ಲ.

ನಮ್ಮ ನರ್ಸಕ್ಕನ ಆಸ್ಪತ್ರೆಯಲ್ಲಿ ಲಿಫ್ಟ್ ಕೆಟ್ಟಿತ್ತು. ರಿಪೇರಿಗೆ ಕಂಪನಿಯವರು ಬೇರೆ ಕಡೆಯಿಂದ ಒಬ್ಬನನ್ನು ಕಳಿಸಿದ್ದರು. ಆತ ಲಿಫ್ಟಿನ ಗುಂಡಿಯೊಳಗೆ ಇಳಿದು ಮೌತ್ ಆರ್ಗನ್ ನುಡಿಸಿದನಂತೆ, ಮೇಲಿನ ಮಹಡಿಯ ರೋಗಿಗಳೆಲ್ಲ ಬಾಗಿಲ ಬಳಿ ಬಂದು ನಿಂತರಂತೆ. ನರ್ಸಕ್ಕನ ಮನಸ್ಸು ನಿನಗೆ ಗೊತ್ತಲ್ಲ, ಮೊನ್ನೆ ಬುಧವಾರ ಅವನನ್ನು ಕರೆದುಕೊಂಡು ಬಂದಳು.

ಅವನು ಬಂದದ್ದೇ ಎಲ್ಲರ ಕೈಕುಲುಕಿದ. ಮೆಟ್ಟಿಲ ಮೇಲಿದ್ದ ನಿನ್ನ ಮಾವನ ಕೈಯನ್ನೂ ಕುಲುಕಿ, “ಒಳಗೆ ಬನ್ನಿ, ಜಾಗ ಇದೆ” ಎಂದ. ನಾವೆಲ್ಲ ಬಟ್ಟೆಯ ಥಾನುಗಳನ್ನು ನೋಡುತ್ತಾ ಕೂತೆವು.

ಮೊದಲ ಸರದಿ ಗಡಿಯಾರದಜ್ಜನದು. ಅಜ್ಜ ಕಣ್ಣುಮುಚ್ಚಿ ಶುರುಮಾಡಿದರು. ಎರಡು ಮಾತಾಗಿಲ್ಲ, ಪಕ್ಕದಿಂದ ಮೌತ್ ಆರ್ಗನ್! ಅಜ್ಜ ನಿಲ್ಲಿಸಿ ಕಣ್ಣು ತೆರೆದರು. ಇವನು ಅಜ್ಜನಿಗೆ ಮಾತು ಮರೆತಿದೆಯೆಂದುಕೊಂಡು ಆ ಸಾಲನ್ನೇ ಮತ್ತೆ ನುಡಿಸಿ ಕೊಟ್ಟ. “ಬಾಯಿಂದ ತೆಗೀರಿ ಅದನ್ನ” ಎಂದು ನರ್ಸಕ್ಕ ಹಲ್ಲು ಕಚ್ಚಿ ಹೇಳಿದಳು. “ಯಾಕೆ? ಶ್ರುತಿ ಸರಿ ಇಲ್ವಾ?” ಎಂದ. ಅಜ್ಜ ಮೊದಲಿನಿಂದ ಹಾಡಿದರು. ಮುಗಿದಾಗ ಆತ ಚಪ್ಪಾಳೆ ತಟ್ಟಿದ. ಒಬ್ಬನ ಚಪ್ಪಾಳೆ ಎಷ್ಟು ಒಂಟಿಯಾಗಿ ಕೇಳಿಸುತ್ತದೆಂದು ಅವತ್ತೇ ನನಗೆ ತಿಳಿದದ್ದು. ಅವನಿಗೂ ತಿಳಿಯಿತು, ಕೈ ಎಲ್ಲಿಡಬೇಕೆಂದು ತೋಚದೆ ಮಡಿಲಲ್ಲಿ ಇಟ್ಟುಕೊಂಡ. ಆ ಕ್ಷಣ ನಿನ್ನ ಮೊದಲನೆಯ ಕಾಗದ ನೆನಪಾಯಿತು. ಅಲ್ಲಿಯವರೆಗೂ ಆ ಕಾಗದದಲ್ಲಿ ಕೂತಿದ್ದವಳನ್ನು ನಾನು ನೋಡಿಯೇ ಇರಲಿಲ್ಲ.

ನರ್ಸಕ್ಕ ಹಾಡಿದಳು. ನನ್ನ ಸರದಿಗಿಂತ ಮೊದಲು ಅವನದು ಬಂತು.

“ನಾನೊಬ್ಬನೇ ಹಾಡಬೇಕಾ? ಯಾರೂ ಸೇರಲ್ವಾ?” ಎಂದ. “ನಮ್ಮ ಕಡೆ ಒಂದಿದೆ. ಎಲ್ಲಿ ಹೋದರೂ ಬಾಯಿಗೆ ಅದೇ ಬರುತ್ತೆ. ಕನ್ನಡಕದವರ ಹಾಡು ಅಂತೀವಿ.”

ನನಗೆ ಗೊತ್ತಾಯಿತು. ತಡೆಯಬಹುದಿತ್ತು. ತಡೆಯಲಿಲ್ಲ.

ಆಚೆ ದಡದ ಹಕ್ಕಿ ಎಂದು ಅವನು ಎತ್ತಿದಾಗ ಇಡೀ ಅಂಗಡಿ ನನ್ನ ಕಡೆ ತಿರುಗಿತು. ನರ್ಸಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಿಂದೆ ಮೆಟ್ಟಿಲ ಮೇಲೆ ನಿನ್ನ ಮಾವ ಎದ್ದು ನಿಂತದ್ದು ಕೇಳಿಸಿತು. ಹಾಡು ನನಗಿಂತ ಚುರುಕಾಗಿತ್ತು, ಅಂಚಿನಲ್ಲಿ ನನ್ನದಲ್ಲದ ಒಂದು ಕುಣಿತವಿತ್ತು. ಬೇರೆಯವರ ಮೈಮೇಲೆ ನಾನು ಹೊಲಿದ ಅಂಗಿ ಕಂಡ ಹಾಗೆ. ಹೊಟ್ಟೆಕಿಚ್ಚಾಯಿತೆಂದೇ ಬರೆಯುತ್ತೇನೆ. ಇನ್ನೇನು ಮೂರನೆಯ ಸಾಲು, ನಿನ್ನಜ್ಜಿ ನನಗೆ ಕೊಟ್ಟ ಮೇಲೆ ತುಟಿಯೊಳಗೇ ಇಟ್ಟುಕೊಂಡು ಹೋದ ಸಾಲು, ಅದು ಈ ಲಿಫ್ಟಿನವನ ಬಾಯಲ್ಲಿ ಬರುತ್ತದೆಂದು ನಾನು ಮೈಬಿಗಿದು ಕೂತೆ.

ಅವನು ತುಟಿ ಮುಚ್ಚಿದ. ಗುನುಗಿದ.

ಹ್ಮ್ ಹ್ಮ್ ಎಂದು ನಡೆದು ಒಂದು ಕಡೆ ತುಂಡು. ಮತ್ತೆ ಹ್ಮ್, ಮತ್ತೆ ತುಂಡು. ಆ ಎರಡೂ ಕಡೆ ಅವನ ತಲೆ ಒಂದಿಷ್ಟು ಎಡಕ್ಕೆ ವಾಲಿತು. ಸೂಜಿ ತೆಗೆಯುವಾಗ ನನ್ನ ತಲೆ ವಾಲುವುದು ಹಾಗೆ. ಅವನು ಜನ್ಮದಲ್ಲಿ ಸೂಜಿ ಕಚ್ಚಿದವನಲ್ಲ. ನಿನ್ನನ್ನು ನೋಡಿ ಕಲಿತಿರಬೇಕು.

ಮೂರನೆಯ ಸಾಲಿನ ವಿಷಯ ಬರೆಯುವುದಿಲ್ಲ ಎಂದಿದ್ದೆಯಲ್ಲ. ಅವತ್ತು ಆ ಮಾತನ್ನು ನಾನು ಸೊಕ್ಕು ಎಂದು ಓದಿಕೊಂಡಿದ್ದೆ.

ಪಲ್ಲವಿ ಮರಳಿ ಬಂತು. ಅವನು ಮತ್ತೆ ಎರಡು ಸಾಲು ಹಾಡಿ ಮತ್ತೆ ಗುನುಗಲು ತುಟಿ ಮುಚ್ಚಿದಾಗ ಆ ಜಾಗದಲ್ಲಿ ಮಾತು ಕೇಳಿಸಿತು. ಎಲ್ಲರೂ ಹಾಡುತ್ತಿರುವವರು ಯಾರೆಂದು ನೋಡುತ್ತಿದ್ದರು. ನಾನು. ಬೇರೆಯವರ ಸರದಿಯಲ್ಲಿ, ಕೂತಲ್ಲೇ, ಕರೆಯದೆ. ಅವನು ಗಾಬರಿಪಡಲಿಲ್ಲ. ಕಣ್ಣರಳಿಸಿ ಕೆಳಗಿನಿಂದ ಗುನುಗು ಮುಂದುವರಿಸಿದ, ನಾನು ಮೇಲೆ ಮಾತು ಹಿಡಿದೆ. ನಾಲ್ಕನೆಯ ಸಾಲನ್ನು,

ಹೆಸರಿಲ್ದೆ ಹೊಳೆಯು ಹರಿದಾದೆ

ಎಂದು ಇಬ್ಬರೂ ಸೇರಿ ಮುಗಿಸಿದೆವು. ನಮ್ಮ ಅಂಗಡಿಯಲ್ಲಿ ಎರಡು ಬಾಯಿ ಒಂದು ಹಾಡನ್ನು ಹಾಡಿದ್ದು ಅದೇ ಮೊದಲು.



“ಅಯ್ಯೋ, ಅಲ್ಲಿ ಮಾತಿದೆಯಾ?” ಎಂದ ಅವನು. “ನಮಗ್ಯಾರೂ ಹೇಳಲೇ ಇಲ್ಲ. ಆ ಮೇಡಂನ ಎಷ್ಟು ಸಲ ಕೇಳಿದ್ದೀವಿ. ಅಲ್ಲಿ ಮಾತಿಲ್ಲ, ಗುನುಗೋದು ಅಷ್ಟೇ, ಅಂತಾರೆ. ಪಾಪ, ಮರೆತುಹೋಗಿರಬೇಕು ಅವರಿಗೆ.”

“ಮರೆತಿಲ್ಲ,” ಎಂದೆ. “ಇಟ್ಟುಕೊಂಡಿದಾಳೆ.”

“ನಿಮಗೆ ಅವರು ಗೊತ್ತಾ?”

“ನನ್ನ ಮಗಳು.”

ಈ ಎರಡು ಮಾತನ್ನು ನಾನು ಎಷ್ಟು ಜೋರಾಗಿ ಹೇಳಿದೆನೋ, ಷಟರಿನಾಚೆ ನಡೆದುಹೋಗುತ್ತಿದ್ದವರು ನಿಂತರು. ನಿನ್ನ ಸಾಹುಕಾರರ ಮುಂದೆ ನೀನು ಹೌದು ಎಂದದ್ದು ಹೀಗೇ ಇರಬೇಕು. ಮನೆತನದ ರೋಗ.

ಗಡಿಯಾರದಜ್ಜ ನನ್ನನ್ನೇ ನೋಡುತ್ತಿದ್ದರು. “ಒಡೆಯರು ಹೇಳಬೇಕು,” ಎಂದರು. “ಇದು ಕದ್ದದ್ದೋ, ಅಲ್ವೋ?”

“ಕದಿಯೋರು ಯಾರಾದರೂ ಬೀಗ ಹಾಕಿಟ್ಟು ಹೋಗ್ತಾರಾ, ಅಜ್ಜ?” ಎಂದೆ.

ಅಜ್ಜ ಕೆಮ್ಮಿದರು. ಅದು ಹಾಡಿಗೋ ಮಾತಿಗೋ ಬಿಡಿಸಿ ಹೇಳಲಿಲ್ಲ. ಹೊರಡುವಾಗ ಹಿಂಬಾಗಿಲ ಬಳಿ ನಿಂತು, ಯಾರನ್ನೂ ನೋಡದೆ, “ಕಲ್ಲು ತಣ್ಣಗಿರುತ್ತೆ. ಮೆಟ್ಟಿಲ ಮೇಲೆ ಕೂರೋರಿಗೆ ಒಂದು ದಿಂಬು ಹೊಲಿದುಕೊಡಬಾರದಾ ಟೈಲರಮ್ಮ?” ಎಂದರು. ಒಳಗೆ ಬಾ ಎನ್ನಲಿಲ್ಲ. ಆದರೂ ನಿನ್ನ ಮಾವ ಅವತ್ತಿನಿಂದ ಸಿಳ್ಳೆ ಹಾಕಿಕೊಂಡು ಓಡಾಡುತ್ತಿದ್ದಾನೆ. ಯಾರ ಹಾಡೂ ಅಲ್ಲದ ಸಿಳ್ಳೆ, ಬಹಳ ಹುಷಾರಾಗಿ.

ಲಿಫ್ಟಿನವನು ಮರುದಿನ ಬೆಳಿಗ್ಗೆ ಬಂದ. ಮೂರನೆಯ ಸಾಲು ಬರೆದುಕೊಡಿ, ಶೆಡ್ಡಿನವರಿಗೆ ಒಯ್ಯುತ್ತೇನೆ ಎಂದ. ಕೊಡಲಿಲ್ಲ. ನಿಮ್ಮ ಹಾಡಿನಲ್ಲಿ ಅಲ್ಲಿ ಮಾತಿಲ್ಲ ಎಂದೆ. ಬದಲಿಗೆ ಅವನ ಕೋಟಿನ ಹರಿದ ತೋಳು ಹೊಲಿದುಕೊಟ್ಟೆ. ಬಾಯಲ್ಲಿ ಸೂಜಿ ಇತ್ತು. ಅವನು ನನ್ನ ತಲೆ ವಾಲುವುದನ್ನೇ ನೋಡುತ್ತಿದ್ದ, ಆಮೇಲೆ ಕುರ್ಚಿಯಿಂದ ಬೀಳುವಷ್ಟು ನಕ್ಕ.

ಅಂದರೆ ಎಲ್ಲೋ ಒಂದು ಶೆಡ್ಡಿನಲ್ಲಿ, ನಾನು ಕಾಣದ ಜನ, ಬಡಗಿಯೂ ಡ್ರೈವರೂ ಸೇರಿ, ನನ್ನ ಬಾಯಲ್ಲಿದ್ದ ಸೂಜಿಗಳನ್ನು ಭಾನುವಾರ ಭಾನುವಾರ ಒಟ್ಟಿಗೆ ತೆಗೆಯುತ್ತಿದ್ದಾರೆ. ಈ ವಯಸ್ಸಿನಲ್ಲಿ ಇಂಥ ಹೆಮ್ಮೆಯನ್ನು ಎಲ್ಲಿಡಬೇಕೆಂದು ನನಗೆ ತೋಚುತ್ತಿಲ್ಲ. ಎರಡು ದಿನದಿಂದ ಅಳತೆ ತಪ್ಪುತ್ತಿದ್ದೇನೆ. ನಿನ್ನೆ ಒಂದು ಪ್ಯಾಂಟಿಗೆ ಎರಡೂ ಎಡಗಾಲು ಕತ್ತರಿಸಿದೆ.

ನಿನ್ನ ಪ್ರಶ್ನೆಗೆ ಉತ್ತರ. ಮೆಟ್ಟಿಲ ಮೇಲೆ ಜಾಗವಿಲ್ಲ. ದಿಂಬು ಒಬ್ಬರಿಗಾಗುವಷ್ಟೇ ಹೊಲಿದಿದ್ದೇನೆ.

ಹಾಡನ್ನು ನಿನಗೆ ಕೊಡುತ್ತಿಲ್ಲ. ಕೊಡುವುದೆಂದರೆ ಬಿಡುವುದು, ನನಗಿನ್ನೂ ಹೆಬ್ಬೆರಳು ಅಲುಗಿಸಿಕೊಂಡು ಕೂರುವ ವಯಸ್ಸಾಗಿಲ್ಲ. ಆದರೆ ಗುನುಗು ನಿನ್ನದು. ಅದನ್ನು ನಾನು ಕೊಟ್ಟದ್ದಲ್ಲ, ನೀನು ಯಂತ್ರದ ಕೆಳಗೆ ಕೂತು ಸಂಪಾದಿಸಿದ್ದು. ಹೀಗೆ ಅರ್ಧರ್ಧ ಮಾಡಿಕೊಳ್ಳುವುದು ನಮ್ಮಲ್ಲಿ ಇಲ್ಲ. ನಿನ್ನೆ ಸಂಜೆ ಹೋಗಿ ಅಜ್ಜನಿಗೆ ಹೇಳಿದೆ. “ಇಲ್ಲದ್ದು ಒಂದು ಸಲ ಆದರೆ ಇದ್ದ ಹಾಗೆಯೇ,” ಎಂದರು.

ನನ್ನ ಪಕ್ಕದಲ್ಲಿ ಕೂರು, ಲಿಫ್ಟಿನವನು ಕೂತಿದ್ದ ಜಾಗದಲ್ಲಿ. ಕೋಟಿನ ಜೇಬು ಬಿಚ್ಚಿಕೊಂಡು ಬಾ, ಮುಷ್ಟಿ ಕಟ್ಟಿಕೊಂಡು ನನ್ನ ಅಂಗಡಿಗೆ ಬರಬೇಡ. ನಾನು ಎರಡು ಸಾಲು ಹಾಡಿ ನಿಲ್ಲಿಸುತ್ತೇನೆ. ಆಗ ಎಲ್ಲರೂ ನಿನ್ನ ಕಡೆ ತಿರುಗುತ್ತಾರೆ.

‘ದಾಟಲಿ’ ಎನ್ನಬೇಡ.

ಅಮ್ಮ